ಷರಾ

ಕೋಲಾರದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ
ಕೊಡೆ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ನಮ್ಮ ಅಂಗಡಿ.
ಬೋರ್ಡಿನಲ್ಲಿ ಆರ್ಮ್ಸ್ ಅಂಡ್ ಅಮ್ಯುನಿಷನ್ ಅಂತಿದ್ದರೂ
ವಿಳಾಸ ಕೇಳಿದವರಿಗೆ ಊರು ಹೇಳುವುದು
ತುಪಾಕಿ ಸಾಬರ ಅಂಗಡಿ.

ಪುಸ್ತಕ ಬರೆಯುವವಳು ನಾನು.
ಹೆಸರು, ಲೈಸೆನ್ಸ್ ನಂಬರು, ಕೋವಿ ನಂಬರು,
ತೋಟಾ ಎಷ್ಟು, ರುಜು ಇಲ್ಲವೇ ಹೆಬ್ಬೆಟ್ಟು.
ಕೊನೆಯ ಮನೆ ಷರಾ.
ಹನ್ನೊಂದು ವರ್ಷದಿಂದ ಅದು ಖಾಲಿ.
ಅಲ್ಲಿ ಏನೂ ಬರೀಬೇಡ ಬೇಟಿ,
ಇನ್ಸ್‌ಪೆಕ್ಟರು ಓದುವುದು ಅದೊಂದನ್ನೇ,
ಅಂದಿದ್ದರು ಅಬ್ಬಾ.

ಶ್ರೀನಿವಾಸಪುರದ ಬೈರೆಡ್ಡಿ
ಮಾವು ಪಿಂದೆಗಟ್ಟುವ ಹೊತ್ತಿಗೆ ಬರುತ್ತಾನೆ.
ತೋಟಕ್ಕೆ ಹತ್ತು ತೋಟಾ ಕೊಡಿ ಎನ್ನುತ್ತಾನೆ,
ತನ್ನ ಮಾತಿಗೆ ತಾನೇ ನಗುತ್ತಾನೆ, ಪ್ರತಿ ವರ್ಷ.
ಕೋತಿಗೆ ಹೊಡೀತೀಯೇನಯ್ಯಾ ಅಂದರೆ
ಗಲ್ಲ ಬಡಿದುಕೊಳ್ಳುತ್ತಾನೆ: ಆಂಜನೇಯ, ಆಂಜನೇಯ!
ಸದ್ದಿಗೆ ಸ್ವಾಮಿ, ಬರೀ ಸದ್ದಿಗೆ.
ಕೋತಿಗಳಿಗೂ ಅದು ಗೊತ್ತಾಗಿಬಿಟ್ಟಿದೆಯಂತೆ.
ಸದ್ದು ಮುಗಿಯುವ ತನಕ ಕೊಂಬೆಯ ಮೇಲೆ ಕೂತು
ಕಿವಿ ಕೆರೆದುಕೊಳ್ಳುತ್ತವಂತೆ.

ಚುನಾವಣೆ ಬಂತೆಂದರೆ ಗೋಡೆಯುದ್ದಕ್ಕೂ ಕೋವಿ.
ಕೊರಳಿಗೆ ಚೀಟಿ ಕಟ್ಟಿ ಸಾಲಾಗಿ ಒರಗಿಸುತ್ತೇವೆ
ಹಾಸ್ಟೆಲ್ಲಿಗೆ ಬಿಟ್ಟುಹೋದ ಮಕ್ಕಳ ಹಾಗೆ.
ವಾರಕ್ಕೊಮ್ಮೆ ಬಂದು ನೋಡಿಹೋಗುವವರೂ ಇದ್ದಾರೆ.
ಮಾಲೂರಿನ ಕಂಟ್ರಾಕ್ಟರು ಮುನಿವೆಂಕಟಪ್ಪ
ತನ್ನದರ ಮುಂದೆ ಊದುಬತ್ತಿ ಹಚ್ಚಿಟ್ಟ.
ಅಬ್ಬಾ ಬರಿಗೈಯಲ್ಲೇ ಹೊಸಕಿ ನಂದಿಸಿದರು:
ಮದ್ದಿನ ಮನೆಯಲ್ಲಿ ಭಕ್ತಿ ಬೇಡ ಮಾರಾಯ.

ಭಾನುವಾರ ಮಹಡಿಯ ಮೇಲೆ ನನ್ನ ಪಾಠ.
ಹತ್ತು ಮೀಟರಿನ ಕೋಣೆ, ರಟ್ಟಿನ ಗುರಿ,
ಏರ್ ರೈಫಲ್ಲು ಎರಡು, ಮಕ್ಕಳು ಒಂಬತ್ತು.
ನಳಿಗೆಯ ತುದಿಯ ಕಾಳಿಗೆ ಮಖ್ಖಿ ಅಂತಾರೆ ಎಂದರೆ
ನೊಣ ಓಡಿಸುವಂತೆ ಕೈಬೀಸಿ ನಗುತ್ತಾರೆ.
ಒತ್ತುವ ಗಳಿಗೆಗೆ ಎಲ್ಲರದೂ ಕಣ್ಣು ಮುಚ್ಚುತ್ತದೆ,
ಸದ್ದಿಗೂ ಮೊದಲೇ.
ವೇದಶ್ರೀ ಒಬ್ಬಳದು ಮುಚ್ಚುವುದಿಲ್ಲ.
ಹೇಗೇ ಅಂತ ಕೇಳಿದೆ.
ನಮ್ಮಪ್ಪ ಬಾಗಿಲು ಹಾಕೋದು
ಇದಕ್ಕಿಂತ ಜೋರು ಮಿಸ್,
ಅಂದು ಮತ್ತೆ ಉಸಿರು ಹಿಡಿದಳು.

ಮೊನ್ನೆ ಮಂಗಳವಾರ ಒಬ್ಬಾಕೆ,
ಗೋಣಿಯಲ್ಲಿ ಸುತ್ತಿದ ಒಂಟಿನಳಿಗೆ,
ಮರಣಪತ್ರದ ಜೆರಾಕ್ಸು.
ಗಂಡ ಗಂಗುಲಪ್ಪ ಬ್ಯಾಂಕಿನ ಬಾಗಿಲಲ್ಲಿ
ಇಪ್ಪತ್ತೆರಡು ವರ್ಷ ನಿಂತವನು.
ಸ್ವಂತ ಕೋವಿ ಇತ್ತೆಂದೇ ಆ ಕೆಲಸ ಸಿಕ್ಕಿದ್ದು.
ಸತ್ತವನ ಕೋವಿ ಮನೆಯಲ್ಲಿ ಇರುವಂತಿಲ್ಲ.

ಅಮಾವಾಸ್ಯೆಗೊಮ್ಮೆ ಒರೆಸೋರು, ಅಂದಳು,
ನನ್ನ ಹಳೇ ಸೀರೆಯೇ ಆಗಬೇಕು ಅದಕ್ಕೆ.
ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು
ಕಬ್ಬಿಣದ ಮೈಗೆ.
ಹೆಬ್ಬೆಟ್ಟು ಒತ್ತಿಸಿದೆ.
ಬೆರಳನ್ನು ಗೋಣಿಗೆ ಒರೆಸಿಕೊಂಡಳು. ಹೊರಡಲಿಲ್ಲ.

ಒಂದು ಸಲಾನೂ ಹಾರಿಸಲಿಲ್ಲಣ್ಣ ಆ ಮನುಷ್ಯ.
ಇದರ ಸದ್ದು ಹೆಂಗಿರತ್ತೆ?

ಊರೊಳಗೆ ಹಾರಿಸುವಂತಿಲ್ಲ.
ಅಬ್ಬಾ ಕೋವಿಯನ್ನು ನಡುವಿಗೆ ಮಡಚಿ
ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು,
ಆಕೆಗೂ ತೋರಿಸಿದರು. ಖಾಲಿ.
ಆಚೆ ತುದಿಯಲ್ಲಿ ಅಂತರಗಂಗೆ ಬೆಟ್ಟದ ತುಣುಕು,
ನಾಲ್ಕಾಣೆಯಷ್ಟಗಲ.
ಮತ್ತೆ ಮುಚ್ಚಿ, ನೆಲಕ್ಕೆ ತಿರುಗಿಸಿ
ಕುದುರೆ ಒತ್ತಿದರು.

ಟಕ್.

ಇಂತೇನಾ? ಅಂದಳು, ಮನೆಮಾತಿನಲ್ಲಿ.
ಅಂತೇನಮ್ಮಾ, ಅಂದರು ಅಬ್ಬಾ.

ಸೆರಗು ಬಾಯಿಗೆ ಒತ್ತಿಕೊಂಡಳು.
ನಕ್ಕಳು ಅಂದುಕೊಂಡೆ. ಭುಜಗಳು ಅಲುಗುತ್ತಿದ್ದವು.
ಗೋಣಿಯನ್ನು ಮಡಚಿ ಕಂಕುಳಲ್ಲಿಟ್ಟು
ಮುಳಬಾಗಿಲಿನ ಬಸ್ಸು ಹೊರಟೀತೆಂದು ಓಡಿದಳು.

ಸಂಜೆ ಬಾಗಿಲು ಎಳೆಯುವ ಮುನ್ನ
ಷರಾದ ಮನೆಯಲ್ಲಿ ಪೆನ್ಸಿಲಿನಿಂದ ಬರೆದೆ: ಟಕ್.
ಶುಕ್ರವಾರ ಇನ್ಸ್‌ಪೆಕ್ಷನ್ನು.
ರಬ್ಬರು ಡ್ರಾಯರಿನಲ್ಲೇ ಇದೆ.